ಗಾಳಿ ಮೊದಲು, ಬಣ್ಣ ಆಮೇಲೆ

ಕಳೆದ ಸಂಚಿಕೆಯಲ್ಲಿ ಮುಂಬಯಿಯ ಲಾಲ್‌ಬಾಗ್, ಪರೇಲ್‌ನ ಗಣಪತಿ ಕಾರ್ಖಾನೆಗಳ ಬಗ್ಗೆ ಬರೆಯುವಾಗ ಏರ್‌ಬ್ರಷ್, ಅಂದರೆ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪುಟ್ಟ ಗನ್, ಅದರ ವಿಷಯವನ್ನು ನಾಲ್ಕು ಸಾಲಲ್ಲಿ ಮುಗಿಸಿದ್ದೆ. ಓದುಗರು ಬಿಡಲಿಲ್ಲ. ಮುಂಬಯಿ, ಪುಣೆ, ಗೋವಾದಿಂದ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅದರ ಬಗ್ಗೆಯೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಜಲವರ್ಣದ ಬಗ್ಗೆ ಕೇಳಿದವರು ಮುಂದಿನ ತಿಂಗಳವರೆಗೆ ಕಾಯಬೇಕು.

ನಾನು ಈ ಕೆಲಸ ಕಲಿತದ್ದು ಮುಂಬಯಿಯ ಫೋರ್ಟ್‌ನ ಒಂದು ಜಾಹೀರಾತು ಸ್ಟುಡಿಯೋದಲ್ಲಿ, ಅಲ್ಲಿಗೆ ಕಂಪ್ಯೂಟರ್ ಬರುವ ಮೊದಲು. ಈಗ ಡೊಂಬಿವಲಿಯ ಮನೆಯ ಬಾಲ್ಕನಿಯಲ್ಲಿ ಆಸಕ್ತಿ ಇದ್ದವರಿಗೆ ಹೇಳಿಕೊಡುತ್ತೇನೆ. ಉತ್ತರಗಳಲ್ಲಿ ಹಳೇ ಸ್ಟುಡಿಯೋದ ಹಟ ಕಂಡರೆ ಸಹಿಸಿಕೊಳ್ಳಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಗನ್, ಕೈಯಲ್ಲಿ ಹಿಡಿಯುವ ಪುಟ್ಟ ಕಂಪ್ರೆಸರ್, ಬಣ್ಣ ಎಲ್ಲ ಸೇರಿದ ಸೆಟ್ ಕಡಿಮೆ ಬೆಲೆಗೆ ಸಿಗುತ್ತದೆ. ಸಿಂಗಲ್ ಆಕ್ಷನ್, ಡಬಲ್ ಆಕ್ಷನ್, ನಾಜಲ್ 0.2, 0.3, 0.5 ಎಂದೆಲ್ಲ ಬರೆದಿರುತ್ತಾರೆ. ಕಾಲೇಜು ಹುಡುಗ, ದುಡ್ಡು ಕಡಿಮೆ. ಯಾವುದು ಕೊಳ್ಳಲಿ? (ಘಾಟ್‌ಕೋಪರ್)

ಉತ್ತರ: ಎಲ್ಲರೂ ಗನ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಕಂಪ್ರೆಸರ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ನನ್ನ ಸಲಹೆ ಪೂರ್ತಿ ಉಲ್ಟಾ. ಇರುವ ದುಡ್ಡಿನಲ್ಲಿ ದೊಡ್ಡ ಪಾಲು ಕಂಪ್ರೆಸರ್‌ಗೆ ಹಾಕಿ, ಗನ್ ಅಗ್ಗದ್ದೇ ಇರಲಿ. ಕೈ ಪಳಗಿದ ಮೇಲೆ ಗನ್ ಬದಲಾಯಿಸಬಹುದು. ಒಳ್ಳೆಯ ಕಂಪ್ರೆಸರ್ ಹಲವು ವರ್ಷ ಜೊತೆಗಿರುತ್ತದೆ.

ಕಂಪ್ರೆಸರ್‌ನಲ್ಲಿ ನೋಡಬೇಕಾದದ್ದು ಇಷ್ಟು. ಪಿಸ್ಟನ್ ಇರುವಂಥದ್ದು, ಮೂರು ಲೀಟರ್‌ನ ಸಣ್ಣ ಟ್ಯಾಂಕ್, ಒತ್ತಡ ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರ್, ನೀರು ಹಿಡಿಯುವ ಮಾಯಿಶ್ಚರ್ ಟ್ರ್ಯಾಪ್. ಟ್ಯಾಂಕ್ ಯಾಕೆ ಅಂದರೆ, ಪಿಸ್ಟನ್ ಗಾಳಿಯನ್ನು ತುಂಡು ತುಂಡಾಗಿ ತಳ್ಳುತ್ತದೆ. ಟ್ಯಾಂಕ್ ಇಲ್ಲದಿದ್ದರೆ ಆ ಮಿಡಿತ ನೀವು ಎಳೆದ ಗೆರೆಯಲ್ಲೂ ಕಾಣುತ್ತದೆ. ಟ್ಯಾಂಕ್ ಇದ್ದರೆ ಗಾಳಿ ಒಂದೇ ಸಮ ಬರುತ್ತದೆ, ಅದು ತುಂಬಿದಾಗ ಮೋಟರ್ ತಾನೇ ನಿಂತು ಸುಧಾರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಸಿಗುವುದು 1/5 ಅಥವಾ 1/6 ಹೆಚ್‌ಪಿ. ಮನೆಯ ಮಾಮೂಲಿ ಪ್ಲಗ್ ಸಾಕು.

ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬರುತ್ತದೆ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಅದನ್ನು ನೋಡಿ ಮರುಳಾಗಬೇಡಿ. ಕಾಗದ, ಪ್ಲಾಸ್ಟಿಕ್ ಮಾಡೆಲ್ ಮೇಲೆ ನೀವು ಕೆಲಸ ಮಾಡುವುದು 15ರಿಂದ 25 ಪಿಎಸ್‌ಐ ಒಳಗೆ. ಕೆಲವು ಮೀಟರ್‌ಗಳಲ್ಲಿ ಬಾರ್ ಲೆಕ್ಕ ಇರುತ್ತದೆ. 1 ಬಾರ್ ಅಂದರೆ ಸುಮಾರು 14.5 ಪಿಎಸ್‌ಐ. ಕಾರಿನ ಟೈರ್‌ಗೆ ಗಾಳಿ ತುಂಬುವ ಪಂಪ್ ನಡೆಯುತ್ತದಾ ಎಂದು ಇನ್ನಿಬ್ಬರು ಕೇಳಿದ್ದಾರೆ. ನಡೆಯುವುದಿಲ್ಲ. ಅದು ಸ್ವಲ್ಪ ಹೊತ್ತು ಓಡಿ ನಿಲ್ಲಲು ಮಾಡಿದ ಯಂತ್ರ, ಜಾಸ್ತಿ ಓಡಿಸಿದರೆ ಸುಟ್ಟುಹೋಗುತ್ತದೆ. ನೀವು ಹೇಳಿದ ಚಾರ್ಜ್ ಮಾಡುವ ಪುಟ್ಟ ಕಂಪ್ರೆಸರ್ ಉಗುರಿಗೆ ಬಣ್ಣ ಹಾಕಲು, ರುಚಿ ನೋಡಲು ಸರಿ. ಆದರೆ ಅಂಥ ಅಗ್ಗದವುಗಳಲ್ಲಿ ಒತ್ತಡ ಬೇಕಾದಷ್ಟಕ್ಕೆ ನಿಲ್ಲಿಸುವ ಸೌಲಭ್ಯ ಇರುವುದು ಕಡಿಮೆ. ಕಲಿಯುವಾಗ ಬೇಕಾದದ್ದೇ ಅದು.

ಇನ್ನು ಗನ್. ಸಿಂಗಲ್ ಆಕ್ಷನ್‌ನಲ್ಲಿ ಬಟನ್ ಒತ್ತಿದರೆ ಗಾಳಿ, ಬಣ್ಣ ಎರಡೂ ಒಟ್ಟಿಗೆ ಬರುತ್ತವೆ. ಬಣ್ಣ ಎಷ್ಟು ಎಂಬುದನ್ನು ಮೊದಲೇ ತಿರುಪು ತಿರುಗಿಸಿ ಇಟ್ಟುಕೊಳ್ಳಬೇಕು. ಡಬಲ್ ಆಕ್ಷನ್‌ನಲ್ಲಿ ಬಟನ್ ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಸಿಂಗಲ್ ಸುಲಭ ಅಲ್ವಾ, ಅದರಿಂದ ಶುರು ಮಾಡೋಣ ಎಂದು ಯೋಚಿಸಬೇಡಿ. ಅದರಲ್ಲಿ ಬೆರಳಿಗೆ ಅಂಟಿದ ಅಭ್ಯಾಸವನ್ನು ಆಮೇಲೆ ಬಿಡಿಸಬೇಕಾಗುತ್ತದೆ. ನೇರವಾಗಿ ಡಬಲ್ ತೆಗೆದುಕೊಳ್ಳಿ. ಬಣ್ಣದ ಬಟ್ಟಲು ಮೇಲೆ ಇರುವ ಗ್ರಾವಿಟಿ ಫೀಡ್ ಇರಲಿ. ಕೆಲವೇ ಹನಿ ಬಣ್ಣ ಸಾಕು, ಕಡಿಮೆ ಒತ್ತಡದಲ್ಲೂ ಇಳಿಯುತ್ತದೆ. ಕೆಳಗೆ ಬಾಟಲಿ ಸಿಕ್ಕಿಸುವ ಸೈಫನ್ ಗನ್ ದೊಡ್ಡ ಬಟ್ಟೆ, ಗೋಡೆಗೆ.

ನಾಜಲ್, ಅಂದರೆ ಬಣ್ಣ ಹೊರಬರುವ ಪುಟ್ಟ ಮೂತಿ, 0.3 ಮಿ.ಮೀ. ಇರಲಿ. ಹೊಸಬರ ಕೈಯಲ್ಲಿ 0.2 ಪದೇ ಪದೇ ಕಟ್ಟಿಕೊಳ್ಳುತ್ತದೆ. 0.5ರಲ್ಲಿ ಸಣ್ಣ ಗೆರೆ ಬರುವುದು ಕಷ್ಟ. ಜಪಾನಿನ ಇವಾಟಾ, ಜರ್ಮನಿಯ ಹಾರ್ಡರ್ ಅಂಡ್ ಸ್ಟೀನ್‌ಬೆಕ್, ಅಮೆರಿಕದ ಬ್ಯಾಡ್ಜರ್, ಪಾಶೆ ಎಲ್ಲ ಒಳ್ಳೆಯವೇ. ಈಗಲೇ ಬೇಡ. ಅಗ್ಗದ ಗನ್ ತೆಗೆದುಕೊಳ್ಳುವಾಗ ಒಂದೇ ಮಾತು ಕೇಳಿ: ಇದರ ನೀಡಲ್ (ನಾಜಲ್ ಒಳಗೆ ಕೂತು ಬಣ್ಣ ತಡೆದು ಬಿಡುವ ಸೂಜಿ), ನಾಜಲ್ ಬಿಡಿಯಾಗಿ ಸಿಗುತ್ತದಾ? ಸಿಗುವುದಿಲ್ಲ ಅಂದರೆ ಅಂಗಡಿಯಿಂದ ಹೊರಗೆ ಬನ್ನಿ.

ಪೈಪ್, ಕಪ್ಲಿಂಗ್, ಟ್ರ್ಯಾಪ್ ಇತ್ಯಾದಿಗೆ ಮುಂಬಯಿಯ ನಾಗದೇವಿ ಸ್ಟ್ರೀಟ್‌ಗೆ ಹೋಗಿ. ಗನ್ ಜೊತೆಗೇ ಒಯ್ಯಿರಿ. ಹೆಚ್ಚಿನ ಏರ್‌ಬ್ರಷ್‌ಗಳಲ್ಲಿ ಪೈಪ್ ಕೂರುವ ಮರೆ (ತಿರುಪಿನ ಸುತ್ತು) 1/8 ಇಂಚಿನದು, ಆದರೆ ಬ್ಯಾಡ್ಜರ್, ಪಾಶೆಯವರ ಮರೆ ಬೇರೆ. ಬಾಯಲ್ಲಿ ವಿವರಿಸಿದರೆ ಅಂಗಡಿಯವನು ಕೊಡುವುದು ಒಂದು, ಮನೆಯಲ್ಲಿ ಕೂರುವುದು ಇನ್ನೊಂದು.

ಪ್ರಶ್ನೆ: ಗನ್ ಬಂತು. ವಿಡಿಯೋ ನೋಡಿಕೊಂಡು ಹುಲಿಯ ಮುಖ ಶುರು ಮಾಡಿದೆ. ಬಣ್ಣ ಕಾಗದದ ಮೇಲೆ ನಾಲ್ಕೂ ಕಡೆ ಕಾಲು ಚಾಚಿಕೊಂಡು ಹರಿಯುತ್ತದೆ. ನನ್ನ ಕೈಗೆ ಇದು ಬಗ್ಗುವುದಿಲ್ಲವೇನೋ. (ವಾಶಿ)

ಉತ್ತರ: ಕೈ ಸರಿಯಾಗಿಯೇ ಇದೆ. ಹುಲಿ ಬೇಗ ಬಂತು ಅಷ್ಟೆ.

ಹಾಗೆ ಹರಿಯುವುದಕ್ಕೆ ಸ್ಪೈಡರಿಂಗ್ ಎನ್ನುತ್ತಾರೆ. ಕಾರಣ ಮೂರು: ಗನ್ ತೀರಾ ಹತ್ತಿರ ಹಿಡಿದಿದ್ದೀರಿ, ಬಟನ್ ಜಾಸ್ತಿ ಎಳೆದಿದ್ದೀರಿ, ಅಥವಾ ಬಣ್ಣ ತೀರಾ ತೆಳುವಾಗಿದೆ. ಕಾಗದದ ಮೇಲೆ ಬಿದ್ದ ಬಣ್ಣ ಒಣಗುವ ಮೊದಲೇ ಹಿಂದಿನಿಂದ ಬಂದ ಗಾಳಿ ಅದನ್ನು ತಳ್ಳುತ್ತದೆ. ಇದಕ್ಕೆ ವಿರುದ್ಧ ತೊಂದರೆಯೂ ಉಂಟು. ದೂರದಿಂದ, ಜೋರು ಗಾಳಿಯಲ್ಲಿ ಹೊಡೆದರೆ ಬಣ್ಣ ದಾರಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತದೆ, ಮುಟ್ಟಿದರೆ ಒರಟು.

ಬಣ್ಣ ಹಾಲಿನಷ್ಟು ತೆಳು ಇರಬೇಕು. ಬಟ್ಟಲಿನ ಗೋಡೆಗೆ ಒಂದು ಹನಿ ತಾಗಿಸಿ ನೋಡಿ. ಜಾರಿ ಇಳಿದು, ಹಿಂದೆ ತೆಳ್ಳಗಿನ ಪದರ ಬಿಟ್ಟರೆ ಸರಿ. ಅಲ್ಲೇ ನಿಂತರೆ ದಪ್ಪ. ಏನೂ ಉಳಿಯದೆ ಇಳಿದರೆ ನೀರು ಜಾಸ್ತಿ. ಎಷ್ಟು ಹನಿ ಬಣ್ಣಕ್ಕೆ ಎಷ್ಟು ಹನಿ ನೀರು ಎಂಬ ಲೆಕ್ಕ ಕೇಳಬೇಡಿ, ಪ್ರತಿ ಕಂಪನಿಯ ಬಣ್ಣವೂ ಬೇರೆ. ಕಣ್ಣೇ ಅಳತೆ.

ಬೆರಳಿಗೆ ಒಂದೇ ನಿಯಮ. ಗಾಳಿ ಮೊದಲು, ಬಣ್ಣ ಆಮೇಲೆ. ನಿಲ್ಲಿಸುವಾಗ ಬಣ್ಣ ಮೊದಲು, ಗಾಳಿ ಕೊನೆಗೆ. ಅಂದರೆ ಬಟನ್ ಒತ್ತಿ, ಕೈ ಚಲಿಸಲು ಶುರುವಾದ ಮೇಲೆ ಹಿಂದಕ್ಕೆ ಎಳೆಯಿರಿ. ಗೆರೆ ಮುಗಿಯುವಾಗ ಬಟನ್ ಮುಂದಕ್ಕೆ ಬಿಟ್ಟು, ಕೈ ಇನ್ನೂ ಚಲಿಸುತ್ತಿರುವಾಗಲೇ ಮೇಲೆತ್ತಿ. ಇದು ತಪ್ಪಿದರೆ ಗೆರೆಯ ಎರಡೂ ತುದಿಯಲ್ಲಿ ಗುಂಡು ಬೀಳುತ್ತದೆ. ಬಟನ್ ಹಿಂದೆ ಇರುವಾಗಲೇ ಗಾಳಿ ನಿಲ್ಲಿಸಿದರೆ ತುದಿಯಲ್ಲಿ ಬಣ್ಣ ಉಳಿಯುತ್ತದೆ. ಮುಂದಿನ ಸಲ ಒತ್ತಿದ ಕೂಡಲೇ ಅದೇ ಪಿಚಕ್ ಎಂದು ಹಾರುತ್ತದೆ.

ಒಂದೇ ಬಣ್ಣ ಸಾಕು, ಕಪ್ಪು ಅಥವಾ ನೀಲಿ. ಪೋಸ್ಟರ್ ಕಲರ್ ತೆಳು ಮಾಡಿ, ಹಳೇ ನೈಲಾನ್ ಸಾಕ್ಸ್‌ನಲ್ಲಿ ಸೋಸಿ ಹಾಕಿ. ಒಣಗಿದ ಮೇಲೂ ನೀರಿಗೆ ಬಿಡುತ್ತದೆ, ಹಾಗಾಗಿ ಗನ್ ಹಾಳಾಗುವ ಭಯ ಕಡಿಮೆ. ಹಳೇ ಪೇಪರ್ ಮೇಲೆ ಚುಕ್ಕಿ ಹಾಕಿ. ಸಾಲಾಗಿ, ಒಂದೇ ಗಾತ್ರದವು. ಅದು ಬಂದಮೇಲೆ ಗೆರೆ. ಅದೂ ಬಂದಮೇಲೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಕೂದಲೆಳೆ ಆಗುವ ಗೆರೆ. ಇದಕ್ಕೆ ಡ್ಯಾಗರ್ ಸ್ಟ್ರೋಕ್ ಅಂತ ಹೆಸರು. ಗೆರೆ ಎಳೆಯುತ್ತಲೇ ಗನ್ ಕಾಗದಕ್ಕೆ ಹತ್ತಿರ ತರಬೇಕು, ಅದೇ ಹೊತ್ತಿಗೆ ಬಟನ್ ಮುಂದಕ್ಕೆ ಬಿಡಬೇಕು. ಹುಲಿಯ ಮೈಮೇಲಿನ ಒಂದೊಂದು ಕೂದಲೂ ಇದೇ ಗೆರೆ. ಇದು ಕೈಗೆ ಬಂದ ದಿನ ಹುಲಿಗೆ ವಾಪಸ್ ಹೋಗಿ.

ಪ್ರಶ್ನೆ: ಮೇ ತಿಂಗಳಲ್ಲಿ ಚೆನ್ನಾಗಿ ಬರುತ್ತಿತ್ತು. ಮಳೆ ಶುರುವಾದ ಮೇಲೆ ಗನ್ ಉಗುಳುತ್ತದೆ. ನಯವಾಗಿ ಬಂದ ನೆರಳಿನ ಮಧ್ಯೆ ದೊಡ್ಡ ಹನಿ ಬಿದ್ದು ಎಲ್ಲ ಹಾಳು. ಗನ್ ಕೆಟ್ಟಿದೆಯೇ? (ಠಾಣೆ)

ಉತ್ತರ: ಗನ್ ಅಲ್ಲ, ಮುಂಬಯಿಯ ಗಾಳಿ ಕಾರಣ ಇರಬೇಕು. ಈ ಊರಿನಲ್ಲಿ ಏರ್‌ಬ್ರಷ್ ಹಿಡಿದವರಿಗೆಲ್ಲ ಜುಲೈ ತಿಂಗಳು ಪರೀಕ್ಷೆಯೇ. ಬೆಂಗಳೂರಿನವರು ಬರೆದ ಸಲಹೆಗಳು ಇಲ್ಲಿ ಪೂರ್ತಿ ಹೊಂದುವುದಿಲ್ಲ.

ಗಾಳಿಯಲ್ಲಿ ನೀರಿನ ಆವಿ ಇರುತ್ತದೆ. ಅದನ್ನು ಹಿಂಡಿ ಟ್ಯಾಂಕ್‌ಗೆ ತುಂಬಿದಾಗ ಅಷ್ಟು ಆವಿಗೆ ಅಲ್ಲಿ ಜಾಗ ಸಾಲುವುದಿಲ್ಲ. ಕಂಪ್ರೆಸರ್‌ನಲ್ಲಿ ಬಿಸಿಯಾಗಿದ್ದ ಗಾಳಿ ಟ್ಯಾಂಕ್‌ನಲ್ಲಿ, ಪೈಪ್‌ನಲ್ಲಿ ತಣ್ಣಗಾಗುತ್ತಿದ್ದಂತೆ ಆವಿ ನೀರಾಗಿ ಗೋಡೆಗೆ ಕೂರುತ್ತದೆ. ಆ ಹನಿ ಸೇರಿ ಸೇರಿ ಒಂದು ಹೊತ್ತಿನಲ್ಲಿ ಗನ್‌ವರೆಗೆ ಬಂದು, ನಿಮ್ಮ ನೆರಳಿನ ಮಧ್ಯೆ ಬೀಳುತ್ತದೆ. ಟ್ರ್ಯಾಪ್ ಇದ್ದರೂ ಯಾಕೆ ಹೀಗೆ? ಟ್ರ್ಯಾಪ್ ಹಿಡಿಯುವುದು ನೀರನ್ನು, ಆವಿಯನ್ನು ಅಲ್ಲ. ಅದು ಕಂಪ್ರೆಸರ್‌ಗೆ ಅಂಟಿಕೊಂಡೇ ಇದ್ದರೆ ಗಾಳಿ ಅಲ್ಲಿ ಇನ್ನೂ ಬಿಸಿ ಇರುತ್ತದೆ, ಆವಿ ಸರಾಗ ದಾಟಿಹೋಗುತ್ತದೆ.

ಆದ್ದರಿಂದ ಗನ್ ಕೆಳಗೆ ಅಥವಾ ಪೈಪ್ ಮಧ್ಯೆ ಇನ್ನೊಂದು ಸಣ್ಣ ಟ್ರ್ಯಾಪ್ ಹಾಕಿ. ಪೈಪ್ ಉದ್ದ ಇರಲಿ, ಗಾಳಿ ತಣ್ಣಗಾಗಲು ಹೊತ್ತು ಸಿಗುತ್ತದೆ. ಕಂಪ್ರೆಸರ್ ಬಿಸಿಯಾದರೆ ಚಹಾ ಕುಡಿದು ಬನ್ನಿ. ಮುಖ್ಯವಾದದ್ದು ಟ್ಯಾಂಕ್‌ನ ತಳದ ತಿರುಪು. ಕೆಲಸ ಮುಗಿದ ಪ್ರತಿ ಸಲವೂ ಅದನ್ನು ಬಿಚ್ಚಿ ನೀರು ಬಿಡಬೇಕು. ಹಳದಿ ನೀರು ಬರುತ್ತದೆ, ಗಾಬರಿ ಬೇಡ, ಅದು ಒಳಗಿನ ತುಕ್ಕು. ನೀರು ಬಿಡದೆ ಇಟ್ಟರೆ ಟ್ಯಾಂಕ್ ಒಳಗಿನಿಂದ ತಿಂದುಹೋಗುತ್ತದೆ. ಒತ್ತಡ ತುಂಬುವ ಪಾತ್ರೆ ತೆಳುವಾದರೆ ಅಪಾಯ. ಏಸಿ ಇರುವ ಕೋಣೆಯಲ್ಲಿ ಕಂಪ್ರೆಸರ್ ಇಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಎಲ್ಲದಕ್ಕೂ ಮಳೆಯನ್ನೇ ದೂರಬಾರದು. ಬಣ್ಣ ಹಾಕದೆ ಬರೀ ಗಾಳಿಯನ್ನು ಕನ್ನಡಿಯ ಮೇಲೆ ಸ್ವಲ್ಪ ಹೊತ್ತು ಬಿಡಿ. ಹನಿ ಕಂಡರೆ ನೀರು. ಕಾಣದಿದ್ದರೆ ನೀಡಲ್ ತೆಗೆದು ಅದರ ತುದಿಯನ್ನು ಟಿಶ್ಯೂ ಕಾಗದದ ಮೇಲೆ ಮೆಲ್ಲಗೆ ಎಳೆಯಿರಿ. ಸಿಕ್ಕಿಕೊಂಡರೆ ತುದಿ ಬಾಗಿದೆ. ಬಣ್ಣದ ಬಟ್ಟಲಲ್ಲಿ ಗುಳ್ಳೆ ಏಳುತ್ತಿದ್ದರೆ ನಾಜಲ್ ಕಟ್ಟಿದೆ ಅಥವಾ ಸಡಿಲವಾಗಿದೆ. ತುದಿಯಲ್ಲಿ ಅಕ್ರಿಲಿಕ್ ಒಣಗಿ ಕೂರುವುದೂ ಉಗುಳುವುದಕ್ಕೆ ಕಾರಣವೇ. ಆದರೆ ಅದು ಮಳೆಗಾಲದಲ್ಲಿ ಕಡಿಮೆ, ಮೇ ತಿಂಗಳಲ್ಲಿ ಮತ್ತು ಏಸಿ ಕೋಣೆಯಲ್ಲಿ ಜಾಸ್ತಿ. ಒದ್ದೆ ಮಾಡಿದ ಕಿವಿಕಡ್ಡಿಯಿಂದ ಒರೆಸಿದರೆ ಆಯಿತು.

ಪ್ರಶ್ನೆ: ಪ್ಲಾಸ್ಟಿಕ್ ವಿಮಾನದ ಮಾಡೆಲ್ ಕಟ್ಟುತ್ತೇನೆ. ಟಮಿಯಾ ಬಣ್ಣಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಿ ಹೊಡೆದೆ, ಚೆನ್ನಾಗಿ ಬಂತು. ಅದನ್ನೇ ವಲ್ಲೆಹೋ ಬಣ್ಣಕ್ಕೆ ಸೇರಿಸಿದರೆ ಗಟ್ಟಿ ಗಟ್ಟಿ ಎಳೆಯಾಯಿತು. ಎರಡೂ ಅಕ್ರಿಲಿಕ್ ತಾನೆ? (ಪಿಂಪ್ರಿ, ಪುಣೆ)

ಉತ್ತರ: ಡಬ್ಬಿಯ ಮೇಲೆ ಎರಡರಲ್ಲೂ ಅಕ್ರಿಲಿಕ್ ಎಂದೇ ಇರುತ್ತದೆ, ಒಳಗೆ ಬೇರೆ ಬೇರೆ. ಜಪಾನಿನ ಟಮಿಯಾದಲ್ಲಿ ಆಲ್ಕೋಹಾಲ್ ಜಾತಿಯ ದ್ರಾವಕ ಇದೆ, ಹಾಗಾಗಿ ಅದು ಹೊಂದಿತು. ಸ್ಪೇನಿನ ವಲ್ಲೆಹೋ ನೀರಿನ ಬಣ್ಣ. ಆಲ್ಕೋಹಾಲ್ ಬಿದ್ದರೆ ಅದರ ಅಂಟು ಒಡೆದು ಗಂಟಾಗುತ್ತದೆ. ವಲ್ಲೆಹೋಗೆ ಅವರದೇ ಥಿನ್ನರ್ ಹಾಕಿ. ಟಮಿಯಾಕ್ಕೆ ಎಕ್ಸ್-20ಎ, ಅರ್ಧಕ್ಕರ್ಧ ಸೇರಿಸಿ ಶುರು ಮಾಡಿ. ಒಂದರಿಂದ ಇನ್ನೊಂದಕ್ಕೆ ಹೋಗುವ ಮೊದಲು ಗನ್ ಪೂರ್ತಿ ತೊಳೆಯಿರಿ, ಇಲ್ಲದಿದ್ದರೆ ಆ ಗಂಟು ನಾಜಲ್ ಒಳಗೇ ಆಗುತ್ತದೆ.

ಬಿಡಿಭಾಗಗಳನ್ನು ಸೋಪು ನೀರಲ್ಲಿ ತೊಳೆದು ಒಣಗಿಸಿ ಪ್ರೈಮರ್ ಹೊಡೆಯಿರಿ. ಅಚ್ಚಿನಿಂದ ಬಿಡಿಸಲು ಹಾಕಿದ ಜಿಡ್ಡು ಅವುಗಳ ಮೇಲೆ ಇರಬಹುದು. 15ರಿಂದ 18 ಪಿಎಸ್‌ಐ, ಮೂರು ನಾಲ್ಕು ಇಂಚು ದೂರ. ಮೊದಲ ಕೋಟ್‌ನಲ್ಲಿ ಕೆಳಗಿನ ಪ್ಲಾಸ್ಟಿಕ್ ಕಾಣುತ್ತಲೇ ಇರಬೇಕು. ಮುಚ್ಚಿಬಿಡುವ ಅವಸರ ಬೇಡ.

ಪ್ರಶ್ನೆ: ಎಲ್ಲವನ್ನೂ ಕಂಪ್ಯೂಟರ್‌ನಲ್ಲೇ ಮಾಡುವಾಗ ಇದನ್ನು ಕಲಿತು ಪ್ರಯೋಜನ ಏನು? ಮಗಳು ಹಟ ಹಿಡಿದಿದ್ದಾಳೆ. (ಮಾಟುಂಗ)

ಉತ್ತರ: ಈ ಪ್ರಶ್ನೆ ನನ್ನ ಹೊಟ್ಟೆಪಾಡಿಗೇ ತಾಗಿದ್ದು. ಏರ್‌ಬ್ರಷ್ ಹುಟ್ಟಿದ್ದು ಅಮೆರಿಕದಲ್ಲಿ. 1870ರ ದಶಕದಲ್ಲಿ ಅಯೋವಾದ ಅಬ್ನರ್ ಪೀಲರ್ ಮಾಡಿದ ಉಪಕರಣದಿಂದ ಶುರು. 1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್, ಗಾಳಿ ಮತ್ತು ಬಣ್ಣ ಗನ್‌ನ ಒಳಗೇ ಸೇರುವ ಮಾದರಿ ತಂದರು. ಇವತ್ತು ನಿಮ್ಮ ಮಗಳು ಕೇಳುತ್ತಿರುವ ಗನ್ ಅದರ ವಂಶದ್ದೇ. ಶುರುವಿನಲ್ಲಿ ಅದರ ದೊಡ್ಡ ಕೆಲಸ ಫೋಟೋ ತಿದ್ದುವುದು. ನಾವು ಫೋರ್ಟ್‌ನಲ್ಲಿ ಮಾಡುತ್ತಿದ್ದದ್ದೂ ಅದನ್ನೇ. ಕುಕ್ಕರ್‌ನ ಫೋಟೋ ಬರುತ್ತಿತ್ತು, ಅದರ ಮೇಲೆ ಫ್ರಿಸ್ಕೆಟ್ ಫಿಲ್ಮ್ (ಬಣ್ಣ ಬೀಳಬಾರದ ಜಾಗ ಮುಚ್ಚುವ ತೆಳು ಹಾಳೆ) ಅಂಟಿಸಿ, ಬ್ಲೇಡಿನಿಂದ ಆಕಾರ ಕತ್ತರಿಸಿ, ಹೊಳಪು ತುಂಬುತ್ತಿದ್ದೆವು. ಬ್ಲೇಡ್ ಫಿಲ್ಮ್ ಕತ್ತರಿಸಬೇಕು, ಕೆಳಗಿನ ಫೋಟೋಗೆ ತಾಗಬಾರದು. ಆ ಕೈ ಈಗ ಯಾರಿಗೂ ಬೇಡ. 1990ರಲ್ಲಿ ಫೋಟೋಶಾಪ್ ಬಂತು. ಮುಂಬಯಿಯ ಸ್ಟುಡಿಯೋಗಳಿಗೆ ತಲುಪಲು ಸ್ವಲ್ಪ ತಡವಾಯಿತು, ತಲುಪಿದ ಮೇಲೆ ತಡವಾಗಲಿಲ್ಲ.

ಆದರೆ ಕಂಪ್ಯೂಟರ್ ತೆಗೆದುಕೊಂಡದ್ದು ಫೋಟೋದ ಕೆಲಸವನ್ನು. ಹೆಲ್ಮೆಟ್, ಟೀ ಶರ್ಟ್, ಕೇಕ್, ಗಣಪತಿ, ನಾಟಕದ ಪರದೆ, ಮಾಡೆಲ್, ಮೇಕಪ್ ಇವೆಲ್ಲ ಉಳಿದಿವೆ. ಕೇಕ್‌ನವರು ಇತ್ತೀಚೆಗೆ ಬಹಳ ಕೇಳುತ್ತಾರೆ. (ಕೇಕ್‌ಗೆ ಬೇರೆ ಗನ್ ಇಡಬೇಕು. ಮಾಡೆಲ್ ಬಣ್ಣ ಹೊಡೆದ ಗನ್‌ನಲ್ಲಿ ತಿನ್ನುವ ಬಣ್ಣ ಹಾಕಲೇಬಾರದು.) ಮಗಳಿಗೆ ಕೊಡಿಸಿ. ಪೂರ್ತಿ ಹೊಟ್ಟೆಪಾಡು ಇದರಲ್ಲೇ ಆಗುತ್ತದೆ ಎಂಬ ಭರವಸೆ ಮಾತ್ರ ನಾನು ಕೊಡುವುದಿಲ್ಲ.

ಪ್ರಶ್ನೆ: ಚಾಳಿನಲ್ಲಿ ಒಂದೇ ಖೋಲಿ (ಕೋಣೆ). ಶಬ್ದ, ವಾಸನೆ ಎರಡರದ್ದೂ ಚಿಂತೆ. ಮಾಸ್ಕ್ ಬೇಕೇ ಬೇಕಾ? (ಪರೇಲ್)

ಉತ್ತರ: ಶಬ್ದ ಮಿಕ್ಸರ್‌ಗಿಂತ ಕಡಿಮೆ. ನೆಲ ನಡುಗುವುದೇ ಕೆಳಗಿನ ಮನೆಯವರಿಗೆ ಕಿರಿಕಿರಿ. ದಪ್ಪ ರಬ್ಬರ್ ಮ್ಯಾಟ್ ಮೇಲೆ ಇಡಿ. ಶಬ್ದ ಅಡಗಲಿ ಎಂದು ಮೇಲೆ ಕಂಬಳಿ ಮುಚ್ಚಬೇಡಿ, ಮೋಟರ್ ಬಿಸಿಯಾಗುತ್ತದೆ.

ಮಾಸ್ಕ್ ಬೇಕೇ ಬೇಕು. ನೀರಿನ ಬಣ್ಣಕ್ಕೆ ಮುಖಕ್ಕೆ ಸರಿಯಾಗಿ ಕೂರುವ ಎನ್95 ನಡೆಯುತ್ತದೆ. ಡಾಕ್ಟರ್ ಹಾಕುವ ನೀಲಿ ಮಾಸ್ಕ್ ನಡೆಯುವುದಿಲ್ಲ, ಬದಿಯಿಂದ ಎಲ್ಲ ಒಳಗೆ ಬರುತ್ತದೆ. ಥಿನ್ನರ್, ಅಂದರೆ ದ್ರಾವಕ, ಇರುವ ಬಣ್ಣಕ್ಕೆ ಎನ್95 ಕೂಡ ಸಾಲದು, ಅದು ಕಣವನ್ನು ತಡೆಯುತ್ತದೆ, ಆವಿಯನ್ನಲ್ಲ. ಅದಕ್ಕೆ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಆದರೆ ನಿಮಗೆ ನಾನು ಹೇಳುವುದು ಇಷ್ಟೇ: ಒಂದೇ ಖೋಲಿಯಲ್ಲಿ ಗ್ಯಾಸ್ ಒಲೆ, ದೇವರ ದೀಪ, ಮಗು ಎಲ್ಲ ಇರುವಾಗ ಥಿನ್ನರ್ ಬಣ್ಣದ ಸುದ್ದಿಗೇ ಹೋಗಬೇಡಿ. ಆವಿಗೆ ಬೆಂಕಿ ತಗಲಲು ಒಂದು ದೀಪದ ಕುಡಿಯೂ ಸಾಕು. ನೀರಿನ ಬಣ್ಣದಲ್ಲಿ ಮಾಡುವುದಕ್ಕೆ ಬೇಕಾದಷ್ಟಿದೆ.

ಟ್ಯೂಬಿನ ಬಣ್ಣ ತೆಳು ಮಾಡಿ ಹಾಕುವವರು ಲೇಬಲ್ ಓದಿ. ಅಸಲಿ ಕ್ಯಾಡ್ಮಿಯಂ ಹಳದಿ, ಕೆಂಪು ಬ್ರಷ್‌ನಲ್ಲಿ ಸರಿ, ಸ್ಪ್ರೇ ಮಾಡಬಾರದು. ಆ ಕಣ ಶ್ವಾಸಕೋಶಕ್ಕೆ ಹೋಗಬಾರದು. ಹೆಸರಿನ ಮುಂದೆ ಹ್ಯೂ ಎಂದಿದ್ದರೆ ಸಾಮಾನ್ಯವಾಗಿ ಅದು ಬೇರೆ ಪುಡಿಯಿಂದ ಮಾಡಿದ ನಕಲು ಛಾಯೆ. ಅದು ಪರವಾಗಿಲ್ಲ.

ಪ್ರಶ್ನೆ: ಈ ಸಲ ಮನೆಯ ಶಾಡೂ ಮಣ್ಣಿನ ಗಣಪತಿಗೆ ನಾವೇ ಏರ್‌ಬ್ರಷ್‌ನಿಂದ ಬಣ್ಣ ಹಾಕಬೇಕು ಎಂದಿದ್ದೇವೆ. ಅರಿಶಿನ, ಗೇರು (ಕೆಮ್ಮಣ್ಣು) ಬಳಸಬಹುದಾ? (ಮುಲುಂದ್)

ಉತ್ತರ: ಒಳ್ಳೆಯ ಯೋಚನೆ. ಗೇರು ಮಾತ್ರ ಗನ್‌ಗೆ ಹಾಕಬೇಡಿ. ಅದು ಮಣ್ಣು, ಎಷ್ಟು ಅರೆದರೂ ಮರಳು ಉಳಿಯುತ್ತದೆ. ನಾಜಲ್ ಕಟ್ಟುತ್ತದೆ, ನೀಡಲ್ ಸವೆಯುತ್ತದೆ. ಅದನ್ನು ಬ್ರಷ್‌ನಲ್ಲಿ ಹಚ್ಚಿ. ಅರಿಶಿನವನ್ನು ನೀರಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಎರಡು ಸಲ ಸೋಸಿದರೆ 0.5 ನಾಜಲ್‌ನಲ್ಲಿ ಇಳಿಯುತ್ತದೆ. ಬಣ್ಣ ತೀರಾ ಮೆಲು, ಪೀತಾಂಬರದ ಮೇಲಿನ ಛಾಯೆಗೆ ಚೆನ್ನಾಗಿರುತ್ತದೆ.

ಮೂರ್ತಿ ಪೂರ್ತಿ ಒಣಗಿರಲಿ. ಸುಡದ ಮಣ್ಣಿಗೆ ನೀರು ಜಾಸ್ತಿ ತಾಗಿದರೆ ಮೆತ್ತಗಾಗಿ ಬೆರಳು, ಕಿವಿ ಮುರಿಯುತ್ತದೆ. ಆದ್ದರಿಂದ ಕಡಿಮೆ ಒತ್ತಡ, ಸ್ವಲ್ಪ ದೂರ, ತೆಳು ಕೋಟ್, ಮಧ್ಯೆ ಒಣಗಲು ಬಿಡುವು. ಮೊದಲು ಬಿಳಿ ಪೋಸ್ಟರ್ ಕಲರ್. ಮುಟ್ಟಿದರೆ ಕೈಗೆ ಬಾರದಿರಲಿ ಎಂದು ಚೂರು ಗೋಂದು ಸೇರಿಸಿ. ಆಮೇಲೆ ಮೈಬಣ್ಣ. ಅದರ ಮೇಲೆ, ಅದೇ ಬಣ್ಣಕ್ಕೆ ಸ್ವಲ್ಪ ಕೆಂಪು ಮತ್ತು ಕಂದು ಸೇರಿಸಿ, ನೆರಳು. ಸೊಂಡಿಲಿನ ಮಡಿಕೆ, ಹೊಟ್ಟೆಯ ಕೆಳಗೆ, ಬೆರಳುಗಳ ಸಂದಿ, ಕೆನ್ನೆ. ಲಾಲ್‌ಬಾಗ್‌ನ ಮೂರ್ತಿಗಳು ಉಸಿರಾಡುತ್ತಿವೆಯೇನೋ ಅನ್ನಿಸುವುದು ಈ ನೆರಳಿನಿಂದಲೇ. ಅಲ್ಲಿ ದೊಡ್ಡ ಮೂರ್ತಿಗೆ ಮೊದಲ ಬಣ್ಣ ದೊಡ್ಡ ಸ್ಪ್ರೇ ಗನ್‌ನಲ್ಲಿ ಹೊಡೆದು, ನೆರಳಿಗೆ ಮಾತ್ರ ಏರ್‌ಬ್ರಷ್ ಹಿಡಿಯುತ್ತಾರೆ. ಕಣ್ಣಿಗೆ ಅಲ್ಲೂ ಬ್ರಷ್ಷೇ. ಹಲವು ಕಾರ್ಖಾನೆಗಳಲ್ಲಿ ಕಣ್ಣು ಬರೆಯುವವರು ಬೇರೆಯೇ ಇರುತ್ತಾರೆ, ಉಳಿದವರು ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ನೀವೂ ಮನೆಯಲ್ಲಿ ಯಾರ ಕೈ ನಡುಗುವುದಿಲ್ಲವೋ ಅವರಿಗೆ ಬಿಡಿ.

ವಿಸರ್ಜನೆ ಮನೆಯ ಬಕೆಟ್‌ನಲ್ಲೇ ಆಗಲಿ, ಕೆರೆಯಲ್ಲೇ ಆಗಲಿ, ಎನಾಮೆಲ್, ಆಯಿಲ್ ಪೇಂಟ್ ಬೇಡ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ.

ಪ್ರಶ್ನೆ: ನಮ್ಮದು ಹವ್ಯಾಸಿ ಯಕ್ಷಗಾನ ತಂಡ. ಬಣ್ಣಗಾರಿಕೆಗೆ ಎರಡು ಮೂರು ಗಂಟೆ ಹೋಗುತ್ತದೆ. ಏರ್‌ಬ್ರಷ್‌ನಿಂದ ಬೇಗ ಮುಗಿಸಬಹುದಲ್ಲ? (ಭಾಂಡುಪ್)

ಉತ್ತರ: ಮುಖಕ್ಕೆ ಬೇಡ ಎಂಬುದು ನನ್ನ ಅಭಿಪ್ರಾಯ. ಸಿಟ್ಟಾಗಬೇಡಿ, ಕಾರಣ ಹೇಳುತ್ತೇನೆ. ಏರ್‌ಬ್ರಷ್ ಮೇಕಪ್ ಅಂತ ಇದೆ, ಮದುವೆ ಹುಡುಗಿಯರಿಗೆ ಮಾಡುತ್ತಾರೆ. ಅದಕ್ಕೆ ಚರ್ಮಕ್ಕೆಂದೇ ಮಾಡಿದ ಬಣ್ಣ ಬೇರೆ, ಒತ್ತಡ 10 ಪಿಎಸ್‌ಐ ಒಳಗೆ. ಮೈಮೇಲೆ ಮಾಡೆಲ್ ಬಣ್ಣ, ಬಟ್ಟೆ ಬಣ್ಣ ಯಾವತ್ತೂ ಹೊಡೆಯಬಾರದು. ಅದೆಲ್ಲ ಸರಿಮಾಡಿಕೊಂಡರೂ ಏರ್‌ಬ್ರಷ್ ಕೊಡುವುದು ಅಂಚಿಲ್ಲದ, ಮೆಲ್ಲಗೆ ಕರಗುವ ಬಣ್ಣವನ್ನು. ಯಕ್ಷಗಾನದ ಮುಖಕ್ಕೆ ಬೇಕಾದದ್ದು ದೂರದ ಪ್ರೇಕ್ಷಕನಿಗೂ ಕಾಣುವ ಗಟ್ಟಿ ಗೆರೆ. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಅಕ್ಕಿ ಹಿಟ್ಟು, ಸುಣ್ಣದಿಂದ ಇಡುವ ಚಿಟ್ಟಿ (ಮುಳ್ಳಿನಂಥ ಉಬ್ಬು ಚುಕ್ಕಿ) ಮುಖದಿಂದ ಮೇಲೆದ್ದು ನಿಲ್ಲಬೇಕು. ಗಾಳಿ ಅದನ್ನು ಹೇಗೆ ನಿಲ್ಲಿಸುತ್ತದೆ? ಇನ್ನೊಂದು ಮಾತು. ಚೌಕಿಯಲ್ಲಿ, ಅಂದರೆ ಬಣ್ಣದ ಕೋಣೆಯಲ್ಲಿ, ಕಲಾವಿದ ತಾನೇ ಕನ್ನಡಿ ಮುಂದೆ ಕೂತು ಬರೆದುಕೊಳ್ಳುತ್ತಾನೆ. ಆ ಎರಡು ಗಂಟೆಯಲ್ಲೇ ವೇಷ ಮೈಗೆ ಬರುತ್ತದೆ ಎಂದು ಹಿರಿಯರು ಹೇಳುವುದನ್ನು ನೀವೂ ಕೇಳಿರುತ್ತೀರಿ.

ಗನ್ ಇದ್ದರೆ ಪರದೆಗೆ, ರಂಗದ ಸಾಮಾನುಗಳಿಗೆ ಬಳಸಿ. ಮಕ್ಕಳ ಪ್ರದರ್ಶನಕ್ಕೆ ಥರ್ಮೊಕೋಲ್ ಕಿರೀಟ ಮಾಡುವವರಿಗೆ ಇದು ವರ. ಸಾಮಾನ್ಯ ಸ್ಪ್ರೇ ಡಬ್ಬಿಯ ದ್ರಾವಕ ಥರ್ಮೊಕೋಲನ್ನು ಕರಗಿಸುತ್ತದೆ, ನೀರಿನ ಅಕ್ರಿಲಿಕ್ ಕರಗಿಸುವುದಿಲ್ಲ.

ಪ್ರಶ್ನೆ: ಬೈಕ್ ಟ್ಯಾಂಕ್ ಮತ್ತು ಹೆಲ್ಮೆಟ್ ಮೇಲೆ ಚಿತ್ರ ಬಿಡಿಸಿ, ಮೇಲೆ 2ಕೆ ಕ್ಲಿಯರ್ (ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಾರದರ್ಶಕ ಮೇಲ್ಪದರ) ನಾನೇ ಹೊಡೆಯಬೇಕು ಎಂದಿದ್ದೇನೆ. ಮನೆ ಹಿಂದೆ ಶೆಡ್ ಇದೆ. (ವಾಸ್ಕೋ, ಗೋವಾ)

ಉತ್ತರ: ಚಿತ್ರ ನೀವು ಬಿಡಿಸಿ, ಕ್ಲಿಯರ್ ಬೇಡ. 2ಕೆಯ ಹಾರ್ಡ್‌ನರ್‌ನಲ್ಲಿ ಐಸೊಸೈನೇಟ್ ಇರುತ್ತದೆ. ಅದು ಆಸ್ತಮಾ ತರಿಸುತ್ತದೆ, ಒಮ್ಮೆ ದೇಹಕ್ಕೆ ಅದು ಆಗಿಬರದೆ ಹೋದರೆ ಆಮೇಲೆ ತುಸು ಸೋಕಿದರೂ ಉಸಿರು ಕಟ್ಟುತ್ತದೆ. ಬೇಗ ವಾಸನೆಯೂ ತಿಳಿಯುವುದಿಲ್ಲ, ಹಾಗಾಗಿ ಮಾಸ್ಕ್ ಸೋಲುತ್ತಿರುವುದು ಗೊತ್ತಾಗುವುದಿಲ್ಲ. ಸರಿಯಾದ ಬೂತ್‌ನಲ್ಲಿ, ಹೊರಗಿನಿಂದ ಗಾಳಿ ಕೊಡುವ ಮುಖವಾಡ ಹಾಕಿಕೊಂಡು ಮಾಡುವ ಕೆಲಸ ಅದು. ಚಿತ್ರ ಚೆನ್ನಾಗಿ ಒಣಗಿಸಿ, ಬೂತ್ ಇರುವ ಗ್ಯಾರೇಜ್‌ಗೆ ಒಯ್ಯಿರಿ.

ಟ್ಯಾಂಕ್ ಬೈಕಿನಿಂದ ಬಿಚ್ಚಿ, ಪೆಟ್ರೋಲ್ ಖಾಲಿ ಮಾಡಿ, ಆವಿ ಹೋಗಲು ಬಿಡಿ. ಹಳೇ ಬಣ್ಣದ ಹೊಳಪು ಹೋಗುವವರೆಗೆ 600 ಅಥವಾ 800 ನಂಬರ್ ಕಾಗದದಲ್ಲಿ ನೀರು ಹಾಕಿ ಉಜ್ಜಿ, ಇಲ್ಲದಿದ್ದರೆ ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಬೈಕಿನ ಮುಖ್ಯ ಬಣ್ಣವೇ ಬದಲಾಗುವುದಾದರೆ ಆರ್‌ಸಿಯಲ್ಲೂ ಬದಲಾಗಬೇಕು, ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ. ದಿನಾ ಹಾಕುವ ಹೆಲ್ಮೆಟ್‌ಗೆ ಕೈ ಹಚ್ಚಬೇಡಿ. ಪಾಲಿಕಾರ್ಬೊನೇಟ್ ಚಿಪ್ಪಿಗೆ ದ್ರಾವಕ ತಾಗಿದರೆ ಕಣ್ಣಿಗೆ ಕಾಣದ ಹಾಗೆ ಬಿರುಕು ಬಿಡಬಹುದು. ಹಳೇ ಹೆಲ್ಮೆಟ್ ತೆಗೆದುಕೊಂಡು ಗೋಡೆಗೆ ತೂಗುಹಾಕಲು ಮಾಡಿ.

ಪ್ರಶ್ನೆ: ಬಣ್ಣ ಹಾಕುವುದಕ್ಕಿಂತ ತೊಳೆಯುವುದಕ್ಕೇ ಹೊತ್ತು ಹೋಗುತ್ತದೆ. ಪ್ರತಿ ಸಲ ಪೂರ್ತಿ ಬಿಚ್ಚಬೇಕಾ? ನೀಡಲ್ ಸರಾಗ ಓಡಲು ಕೊಬ್ಬರಿ ಎಣ್ಣೆ ಹಚ್ಚಬಹುದಾ? (ಕಲ್ಯಾಣ್)

ಉತ್ತರ: ಪ್ರತಿ ಸಲ ಬೇಡ. ಬಿಚ್ಚಿದಷ್ಟೂ ಮುರಿಯುವ ಅವಕಾಶ ಜಾಸ್ತಿ. ಬಣ್ಣ ಬದಲಾಯಿಸುವಾಗ ಉಳಿದದ್ದನ್ನು ಚೆಲ್ಲಿ, ಬಟ್ಟಲು ಒರೆಸಿ, ನೀರು ಹಾಕಿ ತಿಳಿಯಾಗಿ ಬರುವವರೆಗೆ ಹೊಡೆಯಿರಿ. ಮಧ್ಯೆ ಒಮ್ಮೆ ನಾಜಲ್ ಬಾಯಿಗೆ ಮೆತ್ತಗಿನ ಬಟ್ಟೆ ಒತ್ತಿ ಹಿಡಿದು ಬಟನ್ ಸ್ವಲ್ಪ ಎಳೆದರೆ, ಗಾಳಿ ಹಿಂದಕ್ಕೆ ಹೋಗಿ ಬಟ್ಟಲಲ್ಲಿ ಗುಳ್ಳೆ ಎಬ್ಬಿಸುತ್ತದೆ. ಮೂಲೆಯಲ್ಲಿ ಕೂತ ಬಣ್ಣ ಎದ್ದು ಬರುತ್ತದೆ. ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಹೋದರೆ ಇಷ್ಟೂ ಬೇಕಾಗುವುದಿಲ್ಲ, ಕೆಲಸವನ್ನೇ ಹಾಗೆ ಜೋಡಿಸಿಕೊಳ್ಳಿ.

ದಿನದ ಕೊನೆಗೆ ಮಾತ್ರ ನೀಡಲ್ ತೆಗೆದು, ಹಿಂದಿನಿಂದ ತುದಿಯ ಕಡೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ. ತುದಿಯಿಂದ ಹಿಂದಕ್ಕೆ ಒರೆಸಿದರೆ ಬೆರಳಿಗೂ ಪೆಟ್ಟು, ನೀಡಲ್‌ಗೂ ಪೆಟ್ಟು. ನಾಜಲ್ ಕಟ್ಟಿದಾಗ ಮಾತ್ರ ಬಿಚ್ಚಿ, ಅದೂ ಸ್ಟೀಲ್ ತಟ್ಟೆಯ ಮೇಲೆ ಕೈ ಹಿಡಿದು. ಅಕ್ಕಿ ಕಾಳಿಗಿಂತ ಚಿಕ್ಕದು, ಬಾಲ್ಕನಿಯಲ್ಲಿ ಬಿದ್ದರೆ ಮೋರಿಗೆ ಹೋದ ಹಾಗೆಯೇ. ಮರೆಗೆ ಜೋರು ಕೊಡಬೇಡಿ, ಬೆರಳ ತುದಿಯ ಬಿಗಿ ಸಾಕು. ಇಡೀ ಗನ್ ಥಿನ್ನರ್‌ನಲ್ಲಿ ಮುಳುಗಿಸಿಡುವುದು ಕೆಲವರ ಅಭ್ಯಾಸ. ಒಳಗಿನ ರಬ್ಬರ್ ರಿಂಗ್ ಉಬ್ಬಿ, ಆಮೇಲೆ ಗಾಳಿ ಸೋರುತ್ತದೆ.

ಕೊಬ್ಬರಿ ಎಣ್ಣೆ ಬೇಡವೇ ಬೇಡ. ಚಳಿಗೆ ಹೆಪ್ಪುಗಟ್ಟುತ್ತದೆ, ಹಳೆಯದಾದರೆ ಅಂಟಾಗುತ್ತದೆ, ಬಣ್ಣಕ್ಕೆ ಸೇರಿದರೆ ಕಾಗದದ ಮೇಲೆ ಕಣ್ಣು ಕಣ್ಣಾಗಿ ಬಣ್ಣ ಹಿಡಿಯದ ಜಾಗ ಬಿಡುತ್ತದೆ. ಅಡುಗೆಮನೆಯ ಯಾವ ಎಣ್ಣೆಯೂ ಬೇಡ. ಮೆಡಿಕಲ್‌ನಲ್ಲಿ ಸಿಗುವ ಗ್ಲಿಸರಿನ್ ಒಂದು ಹನಿ ಬೆರಳಿಗೆ ಹಚ್ಚಿ, ನೀಡಲ್‌ನ ಹಿಂಭಾಗಕ್ಕೆ ಮಾತ್ರ ಸವರಿ. ಅದು ನೀರಲ್ಲಿ ಕರಗುತ್ತದೆ, ಬಣ್ಣಕ್ಕೆ ಸೇರಿದರೂ ಕೆಡುವುದಿಲ್ಲ.